ಪಕ್ಕದ ಹಾಳೆ

ರೇನೊ ಪೆಲ್ಕೊನೆನ್,
ಇಂಗ್ಲಿಷಿನಲ್ಲಿ ಎಲ್ಲ ಮಕ್ಕಳ ಹಾಗೆ ನಾನೂ
ನಿಮ್ಮನ್ನು ಹೆಸರು ಹಿಡಿದೇ ಕೂಗಿದವಳು.
ಈ ಭಾಷೆಯಲ್ಲಿ ನಾಲಿಗೆ ಏಳುತ್ತಿಲ್ಲ.
ಬಹುವಚನವನ್ನು ಸ್ವಲ್ಪ ಸಹಿಸಿಕೊಳ್ಳಿ,
ಆ ದಪ್ಪ ಕ್ಯಾನ್ವಾಸ್ ಕೋಟನ್ನು
ನಾವು ಸಹಿಸಿಕೊಂಡ ಹಾಗೆ.

ಹ್ಯಾನ್‌ಕಾಕ್‌ನಲ್ಲಿ ಲುಥೆರನ್ ಚರ್ಚಿನ ನೆಲಮಾಳಿಗೆ.
ಮೇಲೆ ಗುರುವಾರದ ಹಾಡಿನ ಅಭ್ಯಾಸ,
ಕೆಳಗೆ ಐವತ್ತು ಅಡಿ ಉದ್ದದ ಕತ್ತಲೆ,
ಅದರ ತುದಿಯಲ್ಲಿ ಬಲ್ಬಿನಡಿ ನಾಲ್ಕು ಹಾಳೆ.
ಒದ್ದೆ ಉಣ್ಣೆಯ ವಾಸನೆ, ಎಣ್ಣೆಯ ವಾಸನೆ.
ತಾಮ್ರದ ಗಣಿ ಮುಚ್ಚಿದ ಮೇಲೆ
ಶಾಲೆಯ ಬಸ್ಸು ಓಡಿಸಿದವರು ನೀವು.
ಕತ್ತಲೆಗೂ ಮಕ್ಕಳಿಗೂ
ಒಂದೇ ಬಗೆಯ ತಾಳ್ಮೆ ಇಟ್ಟುಕೊಂಡಿದ್ದಿರಿ.

ನನ್ನ ಹೆಸರು ಇಂಚರ.
ನಿಮ್ಮ ಬಾಯಲ್ಲಿ ಅದು ಇಂಚಾಯಿತು.
ಹಕ್ಕಿಯ ದನಿ ಹೋಗಿ ಅಳತೆಪಟ್ಟಿ ಬಂತು.
ಹನ್ನೊಂದು ವರ್ಷದವಳು, ತಿದ್ದಲಿಲ್ಲ.

ಮೂರು ವಾರ ಗುಂಡೇ ಕೊಡಲಿಲ್ಲ.
ಹೊಟ್ಟೆಯ ಮೇಲೆ ಮಲಗು, ಉಸಿರಾಡು, ಅಷ್ಟೇ.
ನಳಿಗೆಯ ಮೇಲೊಂದು ನಾಣ್ಯ:
ಕುದುರೆ ಎಳೆದಾಗ ಅದು ಬೀಳಕೂಡದು.
ಬಿತ್ತು. ಬಿತ್ತು. ಸಿಮೆಂಟಿನ ಮೇಲೆ ಉರುಳಿ
ಹೀಟರಿನ ಕೆಳಗೆ ಹೋಯಿತು.
ನೀವು ಜೇಬಿನಿಂದ ಇನ್ನೊಂದು ತೆಗೆದಿರಿ.

ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು,
ಆಸ್ಪತ್ರೆಯ ಬ್ಯಾಡ್ಜು ಇನ್ನೂ ಕೊರಳಲ್ಲಿ,
ಮುಖದಲ್ಲಿ ಒಪ್ಪಿಗೆಯಿಲ್ಲ.
ಅಕ್ಟೋಬರಿನ ಒಂದು ಸಂಜೆ ಅವಳೇ ಬಂದು
ಆಯುಧಪೂಜೆ ಎಂದು
ನಾಲ್ಕೂ ಕೋವಿಗಳಿಗೆ ಕುಂಕುಮವಿಟ್ಟಳು.
"ತುಕ್ಕು ಹಿಡಿಯದಿದ್ದರೆ ನನ್ನದೇನೂ ಅಡ್ಡಿಯಿಲ್ಲ,"
ಅಂದಿರಿ ಗಂಭೀರವಾಗಿ,
ಬಸ್ಸಿನ ಕೀಲಿಯನ್ನೂ ಮುಂದೆ ಚಾಚಿ.

ಮೊದಲ ಐದು ಗುಂಡು.
ನನ್ನ ಹಾಳೆ ಒಗೆದು ಮಡಿಸಿಟ್ಟ ಪಂಚೆಯಷ್ಟು ಶುಭ್ರ.
ಪಕ್ಕದ ವೆಸ್ಲಿ ಹೊಡೆದದ್ದು ಐದೇ,
ಅವನ ಹಾಳೆಯಲ್ಲಿ ಹತ್ತು ತೂತು.
ಎಲ್ಲರೂ ನಕ್ಕರು.
ನೀವು ಕನ್ನಡಕ ಹಣೆಗೇರಿಸಿ,
ತೂತಿಗೆ ಹಿತ್ತಾಳೆಯ ಗೇಜು ತೂರಿಸಿ,
ಒಂದೊಂದನ್ನೂ ಅಳೆದಿರಿ.
ಗೆರೆ ಮುಟ್ಟಿದ್ದರೆ ಮೇಲಿನ ಅಂಕ:
ಅದು ಆಟದ ನಿಯಮ,
ನಿಮ್ಮ ಕೈಯಲ್ಲಿ ಸ್ವಭಾವದಂತೆ ಕಾಣುತ್ತಿತ್ತು.

ಕೊನೆಕೊನೆಗೆ ನಿಮ್ಮ ಕಣ್ಣು ಮಂಜಾಯಿತು.
ಆದರೂ ಗುರುವಾರ ಬಂದು
ಹಿಂದಿನ ಮಡಚುವ ಕುರ್ಚಿಯಲ್ಲಿ ಕೂತು
ನಮ್ಮ ಉಸಿರು ಕೇಳುತ್ತಿದ್ದಿರಿ.
"ಇಂಚು, ಅವಸರ ಮಾಡಿದೆ."
ಹಾಳೆ ನೋಡಿದರೆ, ಹೌದು, ಮಾಡಿದ್ದೆ.

ಅಂತ್ಯಕ್ರಿಯೆಗೆ ಹಳೆಯ ಸೈನಿಕರು ಬಂದು
ಮೂರು ಸುತ್ತು ಗೌರವ ಸಲ್ಲಿಸುತ್ತೇವೆ ಅಂದರು.
ಖಾಲಿ ತೋಟಾ, ಬರೀ ಸದ್ದು, ಅಂದರು.
ನಿಮ್ಮ ಮಗಳು ಸೈಮಾ ಬೇಡವೆಂದಳು.
"ಆಕಾಶಕ್ಕೆ ಹೊಡೆದದ್ದು ಎಲ್ಲಿ ಹೋಯಿತು ಅಂತ
ಅಪ್ಪ ಕೇಳಿಯೇ ಕೇಳುತ್ತಾನೆ."

ಬದಲಿಗೆ ಬಿಸ್ಕತ್ತಿನ ಡಬ್ಬಿ ತೆರೆದಳು.
ನಲವತ್ತು ವರ್ಷದ ಮಕ್ಕಳ ಮೊದಲ ಹಾಳೆಗಳು.
ಕೂದಲುದುರಿದ ಗಂಡಸರು, ಕಂಕುಳಲ್ಲಿ ಕೂಸಿದ್ದ ಹೆಂಗಸರು
ತಂತಮ್ಮ ತೂತು ಹುಡುಕಿಕೊಂಡರು.
ನನ್ನದರಲ್ಲಿ ತೂತಿರಲಿಲ್ಲ.
ಮೂಲೆಯಲ್ಲಿ ಪೆನ್ಸಿಲಿನ ಅಕ್ಷರ:
ಗುರಿ ಸರಿ. ವಿಳಾಸ ತಪ್ಪು.

ಇವತ್ತು ಏಪ್ರಿಲ್, ಇಲ್ಲಿ ಇನ್ನೂ ಹಿಮ.
ಕಲ್ಲುಗಳೆಲ್ಲ ನೆಲಕ್ಕೆ ಮಲಗಿವೆ, ಹಿಮದಡಿ ಎಲ್ಲವೂ ಒಂದೇ.
ಮಂಡಿಯೂರಿ ಬಹಳ ಹೊತ್ತು ಮಾತಾಡಿದೆ.
ಅಮ್ಮನ ನಿವೃತ್ತಿ, ವೆಸ್ಲಿಯ ವಿಚ್ಛೇದನ,
ನನ್ನ ಬಳಿ ಈಗ ಕಲಿಯುವ ಆರು ಮಕ್ಕಳು,
ನಾಣ್ಯ ಬೀಳಿಸುವ ಅವರ ಕೈ.
ಆಮೇಲೆ ಕೈಗವಸಿನಿಂದ ಹಿಮ ಒರೆಸಿದೆ.
ಹಿಲ್ಮಾ ರಾಂತಾ, ೧೯೦೩–೧೯೭೧.

ನೀವು ಬಲಕ್ಕೆ, ಮೂರು ಅಡಿ.

ಹೂವನ್ನು ಆಕೆಗೇ ಬಿಟ್ಟೆ.
ಅಷ್ಟೂ ಕೇಳಿಸಿಕೊಂಡಿದ್ದಾಳೆ ಪಾಪ.
ನನ್ನ ಬಲಮಂಡಿಯ ಗುರುತು ಮಾತ್ರ
ಎರಡು ಕಲ್ಲುಗಳ ನಡುವೆ ಬಿದ್ದಿದೆ,
ನಿಮ್ಮ ಅಂಚನ್ನು ಮುಟ್ಟಿದೆಯೋ ಇಲ್ಲವೋ.
ಗೇಜು ಹಾಕಿ ನೋಡಿ.